ಆಕ್ರಮಣಕಾರಿ ಪ್ರಭೇದಗಳ ನಿರ್ವಹಣೆಯಲ್ಲಿ ವಿಶ್ವವಿದ್ಯಾಲಯಗಳ ಸಹಸಂಶೋಧನೆ: ಚಳ್ಳಕೆರೆ–ಮೊಳಕಾಲ್ಮೂರು ಬಯಲು

ಮನುಷ್ಯನ ಓಡಾಟ, ವ್ಯಾಪಾರ, ಪ್ರಯೋಗಗಳ ಮೂಲಕ ಹೊರನಾಡಿನಿಂದ ಬಂದು, ಹೊಸ ನೆಲದಲ್ಲಿ ಯಾರ ಆರೈಕೆಯೂ ಇಲ್ಲದೆ ಬೇರೂರಿ, ಅಲ್ಲಿನ ಬೆಳೆ, ಮೇವು, ನೀರು, ಕಾಡು, ಆರೋಗ್ಯಕ್ಕೆ ಕೇಡು ಮಾಡುತ್ತ ಹರಡುವ ಗಿಡ, ಕೀಟ, ರೋಗಾಣು ಮೊದಲಾದವನ್ನು ಆಕ್ರಮಣಕಾರಿ ಪ್ರಭೇದಗಳು ಎನ್ನುತ್ತಾರೆ. ಹೊರಗಿನಿಂದ ಬಂದದ್ದೆಲ್ಲ ಈ ಗುಂಪಿಗೆ ಸೇರುವುದಿಲ್ಲ. ಶೇಂಗಾ, ಮೆಕ್ಕೆಜೋಳ, ಸೂರ್ಯಕಾಂತಿ, ಮೆಣಸಿನಕಾಯಿ ಇವೆಲ್ಲ ಅಮೆರಿಕ ಖಂಡದ ಬೆಳೆಗಳು; ಬಿತ್ತಿದ ಹೊಲದ ಬದು ದಾಟಿ ಅವು ಹೋಗುವುದಿಲ್ಲ. ಅದೇ ಖಂಡದಿಂದ ಬಂದ ಬಳ್ಳಾರಿ ಜಾಲಿ, ಪಾರ್ಥೇನಿಯಂ, ಲಂಟಾನಗಳು ಹಾಗಲ್ಲ. ತವರಿನಲ್ಲಿ ಅವುಗಳನ್ನು ತಿಂದು ಅಂಕೆಯಲ್ಲಿಡುತ್ತಿದ್ದ ಕೀಟಗಳೂ ಶಿಲೀಂಧ್ರಗಳೂ ಇಲ್ಲಿಗೆ ಜೊತೆಯಲ್ಲಿ ಬರಲಿಲ್ಲ. ಅವು ಹಬ್ಬಲು ಇದು ಮುಖ್ಯ ಕಾರಣಗಳಲ್ಲೊಂದು.

ವಿಶ್ವಸಂಸ್ಥೆಯ ಆಶ್ರಯದ ಜೀವವೈವಿಧ್ಯ ವಿಜ್ಞಾನ ವೇದಿಕೆ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜಗತ್ತಿನಲ್ಲಿ ನೆಲೆಯೂರಿರುವ ಅನ್ಯದೇಶಿ ಪ್ರಭೇದಗಳು ಸುಮಾರು 37,000. ಅವುಗಳಲ್ಲಿ 3,500ಕ್ಕೂ ಹೆಚ್ಚು ಹಾನಿಕರ. 2019ರ ಒಂದೇ ವರ್ಷದಲ್ಲಿ ಇವುಗಳಿಂದಾದ ನಷ್ಟ 42,300 ಕೋಟಿ ಡಾಲರ್ ಮೀರಿತ್ತು.

ಇಂಥ ಜೀವಿಗಳ ನಿರ್ವಹಣೆ ಒಂದು ಶಾಸ್ತ್ರದ ಕೈಗೆ ಸಿಗುವ ಕೆಲಸವಲ್ಲ. ಕಳೆಯ ಜೀವನಚಕ್ರವನ್ನು ಸಸ್ಯಶಾಸ್ತ್ರಜ್ಞ ತಿಳಿಯಬೇಕು. ಅದನ್ನು ತಿನ್ನುವ ಕೀಟವನ್ನು ಕೀಟಶಾಸ್ತ್ರಜ್ಞ ಹುಡುಕಬೇಕು. ಅದರ ಪರಾಗದಿಂದ ಹರಡುವ ರೋಗವನ್ನು ವೈರಾಣುತಜ್ಞನೋ ವೈದ್ಯನೋ ಗುರುತಿಸಬೇಕು. ಗಿಡವನ್ನು ಕಡಿದ ಮೇಲೆ ಆ ನೆಲ ಯಾರ ಬಳಕೆಗೆ ಎಂಬುದನ್ನು ಊರವರು ಹೇಳಬೇಕು. ಕರ್ನಾಟಕದಲ್ಲಿ ಈ ಬಗೆಯ ಕೂಡುಕೆಲಸಕ್ಕೆ ಹಲವು ದಶಕಗಳ ಹಿನ್ನೆಲೆಯಿದೆ. ಅದರ ಫಲವೂ ಕೊರತೆಯೂ ಒಟ್ಟಿಗೆ ಕಣ್ಣಿಗೆ ಬೀಳುವ ಪ್ರದೇಶ ಚಿತ್ರದುರ್ಗ ಜಿಲ್ಲೆಯ ಈಶಾನ್ಯ ಭಾಗದ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು.

ನೆಲದ ಸ್ವರೂಪ

ವೇದಾವತಿ ಮತ್ತು ಚಿನ್ನಹಗರಿ ಹರಿಯುವ ಈ ಬಯಲು ರಾಜ್ಯದ ಅತಿ ಕಡಿಮೆ ಮಳೆಯ ಸೀಮೆಗಳಲ್ಲಿ ಒಂದು. ವರ್ಷದ ಮಳೆ 500 ಮಿ.ಮೀ. ಆಸುಪಾಸಿನದು, ಅದೂ ನಂಬುವಂತಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದರು. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಜನವಸತಿಯಿದ್ದ ಈ ನೆಲದ ಬದುಕು ಬೇಸಾಯದಷ್ಟೇ ಪಶುಪಾಲನೆಯನ್ನೂ ನೆಚ್ಚಿತ್ತು. ಮ್ಯಾಸ ನಾಯಕರು ದೇವರ ಎತ್ತುಗಳ ಹಿಂಡುಗಳನ್ನು ಕಿಲಾರಿಗಳ ಕಾವಲಿನಲ್ಲಿ ಇಂದಿಗೂ ಸಾಕುತ್ತಾರೆ. ಗೊಲ್ಲರು ಮತ್ತು ಕುರುಬರ ಕುರಿಮಂದೆಗಳು ಚಳ್ಳಕೆರೆಯ ಕಂಬಳಿ ನೇಯ್ಗೆಗೆ ಉಣ್ಣೆ ಕೊಟ್ಟಿವೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗಾಗಿ ಮೀಸಲಾಗಿದ್ದ, ಕಾವಲು ಎಂದು ಕರೆಯುವ ಹುಲ್ಲುಗಾವಲುಗಳು ಕೃಷ್ಣಮೃಗಗಳಿಗೂ ಬಯಲುಹಕ್ಕಿಗಳಿಗೂ ನೆಲೆಯಾಗಿದ್ದವು. ಬೇಸಾಯದಲ್ಲಿ ಮಳೆಯಾಶ್ರಯದ ಶೇಂಗಾದ್ದೇ ಮೇಲುಗೈ. ಚಳ್ಳಕೆರೆಯ ಎಣ್ಣೆ ಗಿರಣಿಗಳು ಬೆಳೆದದ್ದು ಅದರ ಮೇಲೆಯೇ.

ಕಂದಾಯ ದಾಖಲೆಗಳಲ್ಲಿ ಹುಲ್ಲುಗಾವಲು ಬಹುಕಾಲ ‘ಪಾಳು’ ಎಂಬ ಲೆಕ್ಕಕ್ಕೆ ಸೇರುತ್ತ ಬಂದಿದೆ. ಮರವಿಲ್ಲದ ನೆಲ ಬರಡು ನೆಲ ಎಂಬ ಈ ತಪ್ಪು ತಿಳಿವಳಿಕೆಯೇ ಆಕ್ರಮಣಕಾರಿ ಗಿಡಗಳಿಗೆ ಬಾಗಿಲು ತೆರೆಯಿತು ಎನ್ನಬೇಕು. ಬೇಗ ಹಸಿರಾಗುವ, ಬರ ತಡೆಯುವ, ದನ ಮುಟ್ಟದ ಮರ ಬೇಕೆಂದಾಗ ಆಯ್ಕೆಯಾದದ್ದು ಬಳ್ಳಾರಿ ಜಾಲಿ.

ಬಳ್ಳಾರಿ ಜಾಲಿ

ಪ್ರೊಸೋಪಿಸ್ ಜೂಲಿಫ್ಲೋರ ಎಂದು ಹೆಸರಾಗಿದ್ದು, 2022ರ ವರ್ಗೀಕರಣದ ನಂತರ ನೆಲ್ಟುಮ ಜೂಲಿಫ್ಲೋರ ಎನಿಸಿಕೊಂಡಿರುವ ಈ ಮುಳ್ಳುಮರದ ತವರು ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದ ಉತ್ತರ ಭಾಗದವರೆಗಿನ ಒಣಪ್ರದೇಶ. ಸೌದೆಯ ಅಭಾವ ನೀಗಿಸಲೆಂದು ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಗಳು ಬೀಜ ತರಿಸಿ 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಬಿತ್ತಿದರು. ಅಲ್ಲಿಂದ ಅನಂತಪುರ, ಬಳ್ಳಾರಿ, ಚಿತ್ರದುರ್ಗದ ಒಣಬಯಲುಗಳು ದೂರವಲ್ಲ. ಬೇಲಿಗೆಂದು, ಸೌದೆಗೆಂದು ಮುಂದೆಯೂ ಹಾಕಿದರು. ಆಮೇಲೆ ಯಾರೂ ಹಾಕಬೇಕಾಗಲಿಲ್ಲ.

ಹರಡುವ ಬಗೆ ಸರಳ. ಬೇರೆ ಮೇವು ಮುಗಿದಿರುವ ಬೇಸಿಗೆಯಲ್ಲಿ ಇದರ ಸಿಹಿಕಾಯಿ ಮಾಗುತ್ತದೆ. ಕುರಿ, ಮೇಕೆ, ದನ ಅದನ್ನು ಆಸೆಪಟ್ಟು ತಿನ್ನುತ್ತವೆ. ಗಟ್ಟಿ ಸಿಪ್ಪೆಯ ಬೀಜ ಹೊಟ್ಟೆಯಲ್ಲಿ ಕರಗದೆ, ಮೊಳೆಯಲು ಇನ್ನಷ್ಟು ಹದಗೊಂಡು, ಹಿಕ್ಕೆ ಸಗಣಿಗಳ ಜೊತೆ ಹೊರಬೀಳುತ್ತದೆ. ಮಂದೆ ನಡೆದ ದಾರಿ, ಹಳ್ಳದ ದಂಡೆ, ಹೂಳು ತುಂಬಿದ ಕೆರೆಯಂಗಳ, ಬಿತ್ತನೆ ನಿಂತ ಹೊಲ ಎಲ್ಲೆಡೆ ಮೊದಲು ಒಂಟಿ ಗಿಡ, ಕೆಲವೇ ವರ್ಷಗಳಲ್ಲಿ ನುಸುಳಲಾಗದ ಪೊದೆ. ನೆರಳಿನಡಿ ಹುಲ್ಲು ಬಾರದು. ಎಲೆಯನ್ನು ದನ ತಿನ್ನದು. ಕಡಿದರೆ ಬೊಡ್ಡೆಯಿಂದ ಹಲವು ಚಿಗುರು ಏಳುತ್ತವೆ. ಆದ್ದರಿಂದ ನೆಲಮಟ್ಟಕ್ಕೆ ಕಡಿಯುವುದು ಮರವನ್ನು ಕೊಲ್ಲುವ ಬದಲು ದಟ್ಟವಾಗಿಸುತ್ತದೆ. ಬೇರಿನ ಮೇಲ್ಭಾಗದ ಚಿಗುರುಕಣ್ಣುಗಳ ಸಮೇತ ಕಿತ್ತರೆ ಮಾತ್ರ ಸಾಯುತ್ತದೆ. ಕಿತ್ತ ಮೇಲೂ ಮಣ್ಣಿನಲ್ಲಿ ಉಳಿದ ಬೀಜ ಮುಂದಿನ ಮಳೆಗೆ ಮತ್ತೆ ಮೇಲೇಳುತ್ತದೆ. ಕೆರೆ ಹೂಳೆತ್ತುವ ಕಾಮಗಾರಿಯಲ್ಲಿ ಜೆಸಿಬಿಯಿಂದ ಜಾಲಿ ತೆರವು ಮಾಡಿದ ಕೆರೆಯಂಗಳಗಳು ಕೆಲವು ವರ್ಷಗಳಲ್ಲಿ ಮೊದಲಿನಂತೆಯೇ ಆಗುವುದು ಈ ಕಾರಣಕ್ಕೆ.

ಆದರೂ ಇದನ್ನು ಬರೀ ಪೀಡೆ ಎಂದು ಬದಿಗಿಡುವಂತಿಲ್ಲ. ಬರಗಾಲದ ವರ್ಷಗಳಲ್ಲಿ ಭೂಮಿಯಿಲ್ಲದ ಕುಟುಂಬಗಳಿಗೆ ಒಲೆಯ ಸೌದೆ, ಇದ್ದಿಲು ಸುಡುವ ಕೂಲಿ, ಇಟ್ಟಿಗೆ ಗೂಡಿಗೆ ಕಟ್ಟಿಗೆ ಮಾರಿದ ಹಣ, ಮೇಕೆಗೆ ಕಾಯಿ, ಜೇನಿಗೆ ಹೂವು ಕೊಟ್ಟಿರುವುದು ಇದೇ ಮರ. ಒಬ್ಬರ ಗೋಮಾಳ ನುಂಗಿದ್ದು ಇನ್ನೊಬ್ಬರ ಅನ್ನಕ್ಕೆ ಆಧಾರವಾಗಿದೆ. ಕಳೆವಿಜ್ಞಾನಕ್ಕೆ ಅತ್ಯಂತ ಕಠಿಣವಾದ ಪ್ರಶ್ನೆ ಇದು. ಬಳ್ಳಾರಿ ಜಾಲಿಯ ಮೇಲೆ ಭಾರತದಲ್ಲಿ ನಿರ್ಣಾಯಕ ಕ್ರಮವೊಂದು ರೂಪುಗೊಳ್ಳದಿರುವುದಕ್ಕೆ ಇದೇ ದೊಡ್ಡ ಕಾರಣ.

ಪಾರ್ಥೇನಿಯಂ ಮತ್ತು ಶೇಂಗಾ

ಪಾರ್ಥೇನಿಯಂ ಹಿಸ್ಟರೊಫೋರಸ್ ಅಥವಾ ಕಾಂಗ್ರೆಸ್ ಗಿಡ ಭಾರತದಲ್ಲಿ ಕಳೆಯಾಗಿ ಗಮನಕ್ಕೆ ಬಂದದ್ದು 1950ರ ದಶಕದ ಮಧ್ಯದಲ್ಲಿ, ಪುಣೆಯಲ್ಲಿ. ಅಮೆರಿಕದಿಂದ ಆಮದಾದ ಗೋಧಿಯೊಂದಿಗೆ ಬಂದಿತೆಂಬುದು ಸಾಮಾನ್ಯ ನಂಬಿಕೆ. ರಸ್ತೆ, ರೈಲುಹಳಿ, ಮಣ್ಣಿನ ಲಾರಿಗಳ ಜಾಡು ಹಿಡಿದು ಎರಡೇ ದಶಕಗಳಲ್ಲಿ ಕರ್ನಾಟಕವನ್ನು ಆವರಿಸಿತು. ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಕೊಡಬಲ್ಲದು. ಅದರ ಪಾರ್ಥೆನಿನ್ ಎಂಬ ರಾಸಾಯನಿಕ ಪಕ್ಕದ ಗಿಡಗಳ ಮೊಳಕೆಯನ್ನು ಕುಗ್ಗಿಸುತ್ತದೆ, ಮನುಷ್ಯರಲ್ಲಿ ತೀವ್ರವಾದ ಚರ್ಮದ ಉರಿಯೂತ ತರುತ್ತದೆ. ಪರಾಗದಿಂದ ಬರುವ ಮೂಗಿನ ಅಲರ್ಜಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರಜ್ಞರು ವೈದ್ಯರೊಡನೆ ಕೂಡಿ ಅಧ್ಯಯನ ಮಾಡಿದರು. 1968ರ ಕರ್ನಾಟಕ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆಯಡಿ 1975ರಲ್ಲಿ ರಾಜ್ಯ ಸರ್ಕಾರ ಇದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತು. 1977ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳದಿಂದ ಈ ಹೊಸ ಕಳೆಯ ಬಗ್ಗೆ ತಾಂತ್ರಿಕ ಪುಸ್ತಿಕೆಯನ್ನು ಹೊರತಂದಿತು.

ಚಳ್ಳಕೆರೆ ಸೀಮೆಯ ರೈತನಿಗೆ ಪಾರ್ಥೇನಿಯಂ ನಿಜವಾಗಿ ಏನು ಮಾಡಬಲ್ಲದು ಎಂಬುದು ಸ್ಪಷ್ಟವಾದದ್ದು ತಡವಾಗಿ, ಅದೂ ಗಡಿಯಾಚೆಯ ಅನಂತಪುರದಲ್ಲಿ. 2000ದ ಮುಂಗಾರಿನಲ್ಲಿ ಅಲ್ಲಿನ ಶೇಂಗಾ ಬೆಳೆಯಲ್ಲಿ ಎಳೆಯ ಎಲೆ ಮಚ್ಚೆಗಟ್ಟಿ, ಕುಡಿ ಒಣಗಿ, ಕಾಂಡ ಕಪ್ಪಾಗಿ ಗಿಡಗಳು ಸಾಯತೊಡಗಿದವು. ಸುಮಾರು 2,25,000 ಹೆಕ್ಟೇರ್ ಬೆಳೆ ತೊಂದರೆಗೀಡಾಯಿತು. ನಷ್ಟ 300 ಕೋಟಿ ರೂಪಾಯಿ ದಾಟಿತು. ಮೊದಲಿಗೆ ಇದನ್ನು ಆ ಸೀಮೆಗೆ ಪರಿಚಿತವಾದ ಮೊಗ್ಗು ಸಾಯುವ ರೋಗವೆಂದೇ ಎಣಿಸಬಹುದಿತ್ತು, ಏಕೆಂದರೆ ಲಕ್ಷಣಗಳು ಬಹುಪಾಲು ಒಂದೇ. ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್, ಆಚಾರ್ಯ ಎನ್.ಜಿ. ರಂಗಾ ಕೃಷಿ ವಿಶ್ವವಿದ್ಯಾಲಯ ಮತ್ತು ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆಯ ವಿಜ್ಞಾನಿಗಳು ಒಟ್ಟಾಗಿ ನಡೆಸಿದ ಪರೀಕ್ಷೆಗಳಲ್ಲಿ ಕಂಡದ್ದು ಬೇರೆ ವೈರಸ್: ತಂಬಾಕಿನ ಸ್ಟ್ರೀಕ್ ವೈರಸ್. ಈ ವೈರಸ್ಸಿನ ಮುಖ್ಯ ಆಸರೆ ಪಾರ್ಥೇನಿಯಂ. ಗಿಡದಲ್ಲಿ ರೋಗದ ಯಾವ ಗುರುತೂ ಕಾಣದು. ಆದರೆ ಅದರ ಪರಾಗದಲ್ಲಿ ವೈರಸ್ ತುಂಬಿರುತ್ತದೆ. ಹೂವಿನಿಂದ ಹೂವಿಗೆ ಹಾರುವ ಥ್ರಿಪ್ಸ್ ಕೀಟಗಳ ಮೈಗೆ ಆ ಪರಾಗ ಅಂಟುತ್ತದೆ. ಅವು ಶೇಂಗಾ ಎಲೆಯನ್ನು ಕೆರೆದು ಮಾಡಿದ ಗಾಯದೊಳಗೆ ಪರಾಗದ ಮೂಲಕ ವೈರಸ್ ಇಳಿಯುತ್ತದೆ.

ಇದಕ್ಕೆ ಕರ್ನಾಟಕದ ಕಡೆಯಿಂದ ಒಂದು ಮುನ್ಸೂಚನೆ ಇತ್ತು. 1997ರಲ್ಲಿ ಆಗಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿಯಲ್ಲಿ ಸೂರ್ಯಕಾಂತಿಗೆ ಬಂದ ನೆಕ್ರೋಸಿಸ್ ರೋಗದ ಮೂಲವೂ ಇದೇ ವೈರಸ್ ಎಂದು ನಂತರ ಖಚಿತವಾಯಿತು. ಎರಡು ರಾಜ್ಯ, ಎರಡು ಬೆಳೆ, ಎರಡು ರೋಗ ಎಂದು ಕಂಡದ್ದರ ಹಿಂದೆ ಒಂದೇ ವೈರಸ್ಸು, ಅದಕ್ಕೆ ಆಸರೆಯಾಗಿ ಬದುವಿನ ಮೇಲಿನ ಒಂದೇ ಕಳೆ. ಬೆಳೆತಜ್ಞರು, ವೈರಾಣುತಜ್ಞರು, ಕಳೆತಜ್ಞರು ತಂತಮ್ಮ ಕೊಠಡಿಗಳಲ್ಲೇ ಉಳಿದಿದ್ದರೆ ಈ ಸಂಬಂಧ ಹೊಳೆಯುತ್ತಿರಲಿಲ್ಲ. ಫಲವಾಗಿ ಬಂದ ಸಲಹೆಗಳು ಹಳ್ಳಿಗೆ ಒಗ್ಗುವಂಥವು: ಬಿತ್ತನೆಗೆ ಮುಂಚೆ ಬದು ಮತ್ತು ಬೀಳಿನ ಪಾರ್ಥೇನಿಯಂ ಅನ್ನು ಹೂಬಿಡುವ ಮೊದಲೇ ಕೀಳುವುದು, ಹೊಲದ ಸುತ್ತ ಜೋಳ ಅಥವಾ ಸಜ್ಜೆಯ ಸಾಲು ಹಾಕಿ ಥ್ರಿಪ್ಸ್ ಮತ್ತು ಪರಾಗವನ್ನು ತಡೆಯುವುದು, ಬೀಜವನ್ನು ಕೀಟನಾಶಕದಿಂದ ಉಪಚರಿಸುವುದು. ಒಬ್ಬ ರೈತ ಕಿತ್ತು ಪಕ್ಕದವನು ಬಿಟ್ಟರೆ ಉಪಯೋಗವಿಲ್ಲ. ಇಡೀ ಊರು ಒಂದೇ ವಾರದಲ್ಲಿ ಮಾಡಬೇಕಾದ ಕೆಲಸವಿದು.

ಜೈವಿಕ ನಿಯಂತ್ರಣ

ಕಳೆಯ ಮೇಲೆ ಅದರ ತವರಿನ ಶತ್ರುವನ್ನೇ ಬಿಡುವ ವಿಧಾನಕ್ಕೆ ದಕ್ಷಿಣ ಭಾರತದಲ್ಲಿ ಹಳೆಯ ಚರಿತ್ರೆಯಿದೆ. ಕೆಂಪು ಬಣ್ಣದ ವ್ಯಾಪಾರಕ್ಕೆಂದು 1795ರಲ್ಲಿ ಬ್ರೆಜಿಲ್‌ನಿಂದ ಭಾರತಕ್ಕೆ ತಂದ ಕೊಚಿನೀಲ್ ಕೀಟ ನಿರೀಕ್ಷಿಸಿದ ಜಾತಿಯದಾಗಿರಲಿಲ್ಲ. ಬಣ್ಣ ಸಿಗಲಿಲ್ಲ, ಆದರೆ ಅದು ಒಂದು ಜಾತಿಯ ಪಾಪಸ್‌ಕಳ್ಳಿಯನ್ನು ತಿಂದು ಮುಗಿಸಿತು. ಬಯಲುಸೀಮೆಯನ್ನು ಆವರಿಸಿದ್ದ ಇನ್ನೊಂದು ಜಾತಿಯ ಕಳ್ಳಿ ಅದಕ್ಕೆ ಬಗ್ಗಲಿಲ್ಲ. ಬೇರೊಂದು ಕೊಚಿನೀಲ್ ಕೀಟ ಸಿಂಹಳದ ಮೂಲಕ 1926ರಲ್ಲಿ ದಕ್ಷಿಣ ಭಾರತಕ್ಕೆ ಬಂದ ಮೇಲೆ ಆ ಕಳ್ಳಿಯೂ ಇಳಿಮುಖವಾಯಿತು. ಗೆಲುವಿಗೆ ಸರಿಯಾದ ಕೀಟ ಸಿಕ್ಕಿದ್ದೇ ಕಾರಣ; ಜಾತಿ ಗುರುತಿಸುವ ವರ್ಗೀಕರಣ ವಿಜ್ಞಾನ ಎಷ್ಟು ಮುಖ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ 1957ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. 1977ರಲ್ಲಿ ಜೈವಿಕ ನಿಯಂತ್ರಣದ ಅಖಿಲ ಭಾರತ ಸುಸಂಘಟಿತ ಯೋಜನೆ ಶುರುವಾಗಿ, ಕೃಷಿ ವಿಶ್ವವಿದ್ಯಾಲಯಗಳು ಒಂದೇ ಕಾರ್ಯಕ್ರಮದಡಿ ಬಂದವು. ಅದರಿಂದ ಬೆಳೆದ ಸಂಸ್ಥೆಯೇ ಇಂದಿನ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ. 1980ರ ದಶಕದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೆ.ಪಿ. ಜಯಂತ್ ಮೂರು ಕಳೆಗಳ ಮೇಲೆ ಕೆಲಸ ಮಾಡಿದರು. ಕೆರೆಗಳನ್ನು ಮುಚ್ಚಿದ್ದ ಐಕಾರ್ನಿಯ ಜಲಕಳೆಗೆ ನಿಯೋಕೆಟಿನ ಮೂತಿಹುಳುಗಳನ್ನೂ ಸಾಲ್ವಿನಿಯಕ್ಕೆ ಆಸ್ಟ್ರೇಲಿಯದಿಂದ ತರಿಸಿದ ಇನ್ನೊಂದು ಮೂತಿಹುಳುವನ್ನೂ ಬೆಂಗಳೂರಿನ ಕೆರೆಕೊಳಗಳಲ್ಲಿ ಬಿಟ್ಟು ನೋಡಿದರು, ಫಲಿತಾಂಶ ಉತ್ತಮವಾಗಿತ್ತು. ಮೂರನೆಯದು ಪಾರ್ಥೇನಿಯಂ.

ಮೆಕ್ಸಿಕೊದಿಂದ 1983ರಲ್ಲಿ ತರಿಸಿದ ಜೈಗೊಗ್ರಾಮ ಬೈಕೊಲೊರಾಟ ಎಂಬ ದುಂಬಿಯನ್ನು ಕ್ವಾರಂಟೈನ್ ಕೊಠಡಿಯಲ್ಲಿ ಹಲವು ಬೆಳೆಗಳ ಮೇಲೆ ಪರೀಕ್ಷಿಸಿ 1984ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಇದೇ ಹೊತ್ತಿಗೆ ಪರೀಕ್ಷೆಗೆ ಬಂದ ಎಪಿಬ್ಲೀಮ ಎಂಬ ಪತಂಗ ಹುಚ್ಚೆಳ್ಳಿನ ಮೇಲೂ ಬೆಳೆಯಬಲ್ಲದೆಂದು ಕಂಡ ಕೂಡಲೇ ಅದರ ಸಂತತಿಯನ್ನು ಪ್ರಯೋಗಾಲಯದಲ್ಲೇ ನಾಶಪಡಿಸಲಾಯಿತು. ಬಿಡುಗಡೆಯಾದ ಕೀಟಗಳಷ್ಟೇ, ಬಿಡುಗಡೆಯಾಗದ ಇಂಥ ಕೀಟಗಳೂ ಈ ವಿಜ್ಞಾನದ ಶಿಸ್ತನ್ನು ತೋರಿಸುತ್ತವೆ.

ದುಂಬಿ ಚೆನ್ನಾಗಿ ನೆಲೆಯೂರಿತು. 1990ರ ದಶಕದ ಆರಂಭದಲ್ಲಿ ಅದು ಸೂರ್ಯಕಾಂತಿ ಎಲೆ ತಿನ್ನುತ್ತಿದೆ ಎಂಬ ದೂರು ರೈತರಿಂದ ಬಂತು. ರೈತರ ಆತಂಕ ಸಹಜವಾದದ್ದೇ. ಬೆಳೆಯ ಮೇಲೆ ಹುಳು ಕಣ್ಣಿಗೆ ಕಾಣುತ್ತಿತ್ತು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಸತ್ಯಶೋಧನೆಗೆ ಸಮಿತಿ ನೇಮಿಸಿತು. ಹೊಸ ಬಿಡುಗಡೆಗಳು ಕೆಲವು ಕಾಲ ನಿಂತವು. ಪಾರ್ಥೇನಿಯಂ ಪರಾಗ ಉದುರಿ ಬಿದ್ದ ಸೂರ್ಯಕಾಂತಿ ಎಲೆಗಳನ್ನು ದುಂಬಿ ಕಚ್ಚುತ್ತದೆ, ಆದರೆ ಸೂರ್ಯಕಾಂತಿಯನ್ನೇ ನೆಚ್ಚಿ ಸಂತತಿ ಬೆಳೆಸಲಾರದು ಎಂಬುದು ಮುಂದಿನ ಪ್ರಯೋಗಗಳಿಂದ ತಿಳಿಯಿತು. ಈಗ ಆ ದುಂಬಿ ಭಾರತದ ಬಹುಭಾಗವನ್ನು ದಾಟಿ ನೇಪಾಳ, ಪಾಕಿಸ್ತಾನಗಳಲ್ಲೂ ಇದೆ. ಅದರ ಮಿತಿಯನ್ನೂ ಹೇಳಬೇಕು: ಮಳೆಗಾಲದಲ್ಲಿ ಮಾತ್ರ ಚುರುಕಾಗಿದ್ದು, ಒಣಹವೆಯಲ್ಲಿ ಮಣ್ಣಿನೊಳಗೆ ನಿದ್ರಾವಸ್ಥೆಯಲ್ಲಿರುತ್ತದೆ. ಹೀಗಾಗಿ ಮಳೆ ಚದುರಿದಂತೆ ಬೀಳುವ ಚಳ್ಳಕೆರೆಯಂಥ ಕಡೆ, ಒಂದು ಹದಮಳೆಗೆ ಮೊಳೆತು ಬೇಗ ಹೂಬಿಡುವ ಪಾರ್ಥೇನಿಯಂ ಅದರ ಬಾಯಿಂದ ತಪ್ಪಿಸಿಕೊಳ್ಳುವ ಅವಕಾಶ ಹೆಚ್ಚು.

ಧಾರವಾಡ ಕೃಷಿ ವಿಶ್ವವಿದ್ಯಾಲಯ ಬೇರೆ ದಾರಿ ಹಿಡಿಯಿತು. ಭತ್ತದ ತಳಿವಿಜ್ಞಾನಿಯಾಗಿದ್ದು ಅಲ್ಲಿ ಕುಲಪತಿಯಾದ ಎಂ. ಮಹದೇವಪ್ಪ ಪಾರ್ಥೇನಿಯಂ ನಿರ್ವಹಣೆಯನ್ನು ತಮ್ಮ ಬದುಕಿನ ಕೆಲಸಗಳಲ್ಲೊಂದಾಗಿ ಮಾಡಿಕೊಂಡರು. ಪಾರ್ಥೇನಿಯಂ ಜೊತೆ ಪೈಪೋಟಿಯಲ್ಲಿ ಗೆಲ್ಲುವ ಕ್ಯಾಸಿಯ ಸೆರಿಸಿಯ ಗಿಡದ ಬೀಜವನ್ನು ರಸ್ತೆಬದಿ, ಬೀಳುಗಳಲ್ಲಿ ಎರಚುವ ಪ್ರಯೋಗಕ್ಕೆ ಅವರು ಒತ್ತು ಕೊಟ್ಟರು. ಪಾರ್ಥೇನಿಯಂ ನಿರ್ವಹಣೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1997ರ ಅಕ್ಟೋಬರ್ 6ರಿಂದ 8ರವರೆಗೆ ಧಾರವಾಡದಲ್ಲೇ ನಡೆಯಿತು. ಎರಡನೆಯದು 2005ರ ಡಿಸೆಂಬರ್‌ನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇದೇ ಕಳೆಯೊಡನೆ ಹೆಣಗುತ್ತಿದ್ದ ಸಂಶೋಧಕರಿಗೂ ಕನ್ನಡನಾಡಿನ ಕಳೆತಜ್ಞರಿಗೂ ಸಾಮಾನ್ಯ ನೆಲೆಯೊಂದು ಇಂಥ ಸಮ್ಮೇಳನಗಳಿಂದ ದೊರೆಯಿತು. ಕ್ಯಾಸಿಯ ವಿಧಾನದ ಬಗ್ಗೆ ಮಾತ್ರ ಎಚ್ಚರ ಬೇಕು. ಅದೂ ಅಮೆರಿಕ ಮೂಲದ ಗಿಡ, ದಖನ್ನಿನ ಹಲವೆಡೆ ಈಗ ಅದೇ ಕಳೆಯಾಗಿ ಹಬ್ಬಿದೆ. ಪೇಟೆಯ ಖಾಲಿ ನಿವೇಶನಕ್ಕೆ ಅದು ಸಹ್ಯವಾದೀತು, ಹುಲ್ಲುಗಾವಲಿಗೆ ಅಲ್ಲ.

ಬೆಳೆಗೆ ಬಿದ್ದ ಹೊಸ ಕೀಟಗಳು

ಪಪ್ಪಾಯ ಹಿಟ್ಟುತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿ, ಪಪ್ಪಾಯದ ಜೊತೆಗೆ ಹಿಪ್ಪುನೇರಳೆಯನ್ನೂ ಹಾಳುಗೆಡವುತ್ತ ಕರ್ನಾಟಕಕ್ಕೆ ಬಂತು. ಔಷಧ ಹೊಡೆದ ಸೊಪ್ಪನ್ನು ರೇಷ್ಮೆಹುಳುವಿಗೆ ಹಾಕುವಂತಿಲ್ಲ. ಜೈವಿಕ ನಿಯಂತ್ರಣ ಬಿಟ್ಟರೆ ರೇಷ್ಮೆ ಬೆಳೆಗಾರರಿಗೆ ಬೇರೆ ದಾರಿಯೇ ಇರಲಿಲ್ಲ. 2010ರಲ್ಲಿ ಬೆಂಗಳೂರಿನ ಕೀಟ ಸಂಪನ್ಮೂಲ ಸಂಸ್ಥೆ ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ ಪೋರ್ಟೊರಿಕೊದಿಂದ ಮೂರು ಪರತಂತ್ರ ಕಣಜಗಳನ್ನು ತರಿಸಿತು. ವರ್ಜೀನಿಯ ಟೆಕ್ ವಿಶ್ವವಿದ್ಯಾಲಯ ನಡೆಸುತ್ತಿದ್ದ ಸಮಗ್ರ ಪೀಡೆ ನಿರ್ವಹಣಾ ಕಾರ್ಯಕ್ರಮ, ತಮಿಳುನಾಡು ಕೃಷಿ ವಿಶ್ವವಿದ್ಯಾಲಯ, ರಾಜ್ಯಗಳ ಇಲಾಖೆಗಳು ಕೈಜೋಡಿಸಿದವು. ಮೂರು ಕಣಜಗಳಲ್ಲಿ ಅಸೆರೊಫೇಗಸ್ ಪಪಾಯೆ ಎಂಬುದೊಂದೇ ಹೆಚ್ಚಿನ ಕೆಲಸ ಮುಗಿಸಿತು. ಒಂದೆರಡು ವರ್ಷದಲ್ಲಿ ಪೀಡೆ ಕಾಣಿಸದಷ್ಟು ಇಳಿಯಿತು.

ಫಾಲ್ ಸೈನಿಕ ಹುಳುವಿನ ಪ್ರಸಂಗ ಚಿತ್ರದುರ್ಗಕ್ಕೆ ಇನ್ನೂ ಹತ್ತಿರದ್ದು. 2012ರಲ್ಲಿ ಸ್ಥಾಪನೆಯಾದ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾರ್ಯವ್ಯಾಪ್ತಿಗೆ ಚಿತ್ರದುರ್ಗ ಜಿಲ್ಲೆಯೂ ಸೇರುತ್ತದೆ. ಹಿರಿಯೂರಿನ ಬಬ್ಬೂರು ಫಾರಂನ ವಲಯ ಸಂಶೋಧನಾ ಕೇಂದ್ರ ಮತ್ತು ಕೃಷಿ ವಿಜ್ಞಾನ ಕೇಂದ್ರ ಅದರವು. 2018ರ ಮೇ ತಿಂಗಳಲ್ಲಿ ಅದರ ಕೀಟಶಾಸ್ತ್ರಜ್ಞರಾದ ಶರಣಬಸಪ್ಪ, ಸಿ.ಎಂ. ಕಲ್ಲೇಶ್ವರಸ್ವಾಮಿ ಮತ್ತು ಸಂಗಡಿಗರು ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಅಪರಿಚಿತ ಹುಳುವೊಂದನ್ನು ಗಮನಿಸಿದರು. ತಲೆಯ ಮೇಲಿನ ತಲೆಕೆಳಗಾದ ‘ವೈ’ ಗುರುತು, ಬಾಲದ ಕಡೆಯ ಚೌಕಾಕಾರದ ನಾಲ್ಕು ಚುಕ್ಕೆ ಅನುಮಾನ ಹುಟ್ಟಿಸಿದವು. ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ನಡೆದ ಡಿಎನ್‌ಎ ಪರೀಕ್ಷೆಯಿಂದ ಅದು ಫಾಲ್ ಸೈನಿಕ ಹುಳುವೆಂದು ಖಚಿತವಾಯಿತು. 2016ರಲ್ಲಿ ಆಫ್ರಿಕದಲ್ಲಿ ಇದೇ ಹುಳುವನ್ನು ಮೊದಲು ವರದಿ ಮಾಡಿದ್ದ ಗಿಯಾರ್ಗ್ ಗೋರ್ಗೆನ್ ಅವರೂ ಭಾರತದ ಮೊದಲ ವರದಿಯ ಲೇಖಕರಲ್ಲಿ ಒಬ್ಬರಾದರು. ಏಷ್ಯಾಕ್ಕೆ ಕೀಟ ಕಾಲಿಟ್ಟ ಸುದ್ದಿ ಹೀಗೆ ಶಿವಮೊಗ್ಗದಿಂದ ಹೊರಟಿತು. 2019ರ ಜನವರಿಯ ಹೊತ್ತಿಗೆ ಹುಳು ಚೀನಾ ತಲುಪಿತ್ತು.

ತಡೆಯುವುದು ಕೈಮೀರಿದ್ದರೂ ಮುಂದಿನ ಹಂಗಾಮಿಗೆ ರೈತರು ಸಿದ್ಧರಾಗಲು ಈ ಶೀಘ್ರ ಪತ್ತೆ ನೆರವಾಯಿತು. ಹುಳುವನ್ನು ಕೊಲ್ಲುವ ಸ್ಥಳೀಯ ಪರತಂತ್ರ ಕಣಜಗಳನ್ನೂ, ಧಾರವಾಡ ಕೃಷಿ ವಿಶ್ವವಿದ್ಯಾಲಯ ದಶಕಗಳಿಂದ ಅಭ್ಯಸಿಸಿದ್ದ ನೊಮೂರಿಯ ರಿಲೈ ಶಿಲೀಂಧ್ರವನ್ನೂ ಹೊಲಗಳಲ್ಲಿ ಗುರುತಿಸಲಾಯಿತು. ಬೇರೆ ಕೀಟಕ್ಕಾಗಿ ಹಿಂದೆ ಮಾಡಿಟ್ಟ ಸಂಶೋಧನೆ ಹೊಸ ಕೀಟಕ್ಕೆ ಒದಗಿತು. ಇಂಥ ಹಳೆಯ ಕೆಲಸಗಳನ್ನು ಜೀವಂತವಾಗಿ ಉಳಿಸಿಕೊಳ್ಳಬೇಕಾದ ಅಗತ್ಯಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

ಕಾಡಿನಿಂದ ಬಯಲಿಗೆ

ಕೃಷಿ ಕಳೆಗಳಿಗೆ ಕೃಷಿ ವಿಶ್ವವಿದ್ಯಾಲಯಗಳಿದ್ದವು. ಕಾಡು ಮತ್ತು ಹುಲ್ಲುಗಾವಲಿನ ಕಳೆಗಳು ಬಹುಕಾಲ ಯಾರಿಗೂ ಸೇರದೆ ಉಳಿದವು. ಲಂಟಾನದ ಕೀಟಗಳ ಬಗ್ಗೆ ವೈ. ರಾಮಚಂದ್ರ ರಾವ್ 1920ರಲ್ಲೇ ದೊಡ್ಡ ಸಮೀಕ್ಷೆ ಪ್ರಕಟಿಸಿದ್ದರೂ ತಂದುಬಿಟ್ಟ ಕೀಟಗಳು ಅದನ್ನು ಹಿಡಿದಿಡಲಿಲ್ಲ. ಭಾರತೀಯ ವನ್ಯಜೀವಿ ಸಂಸ್ಥೆಯ ಸಂಶೋಧಕರ 2020ರ ಅಂದಾಜಿನಂತೆ ಅದು ದೇಶದ ಸುಮಾರು 1.54 ಲಕ್ಷ ಚದರ ಕಿ.ಮೀ. ಕಾಡನ್ನು ವ್ಯಾಪಿಸಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಅಂಕಿಲಾ ಹಿರೇಮಠ, ಭರತ್ ಸುಂದರಂ 1997ರ ಅಳತೆಗಳನ್ನು 2008ರಲ್ಲಿ ಅದೇ ಜಾಗಗಳಲ್ಲಿ ಮರುಅಳೆದಾಗ, ಲಂಟಾನವಿದ್ದ ತುಣುಕುಗಳ ಪ್ರಮಾಣ ಶೇ. 40ರಷ್ಟರಿಂದ ಶೇ. 80ಕ್ಕೆ ಏರಿತ್ತು. ಅಲ್ಲಿನ ಬುಡಕಟ್ಟಿನವರಾದ ಸೋಲಿಗರು ಅವರಿಗೆ ಹೇಳಿದ ಕಾರಣ ಗಮನಾರ್ಹ: ವರ್ಷದ ಮೊದಲಲ್ಲಿ ಹಾಕುತ್ತಿದ್ದ ಸಣ್ಣ ತರಗು ಬೆಂಕಿಯನ್ನು ನಿಲ್ಲಿಸಿದ ಮೇಲೆ ಲಂಟಾನ ಹೆಚ್ಚಿತು. ಸ್ಥಳೀಯರ ತಿಳಿವಳಿಕೆಯನ್ನು ಪರೀಕ್ಷಿಸಬಹುದಾದ ವೈಜ್ಞಾನಿಕ ಊಹೆಯಾಗಿ ಎತ್ತಿಕೊಂಡದ್ದು ಈ ಕೆಲಸದ ಹಿರಿಮೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನ ಕಡ್ಡಿಯಿಂದ ಪೀಠೋಪಕರಣ ಮಾಡುವ ತರಬೇತಿಯೂ ಇದೇ ಸಂಸ್ಥೆಯದು. ಆದಾಯ ತಂದಿದೆ, ಆದರೆ ಕಾಡಿನ ಲಂಟಾನದ ರಾಶಿಯ ಮುಂದೆ ಅದು ಅಲ್ಪ.

ಬಳ್ಳಾರಿ ಜಾಲಿಗೆ ಇದೇ ಮಾದರಿಯ ದೀರ್ಘಕಾಲದ ಅಧ್ಯಯನ ನಡೆದಿರುವುದು ಗುಜರಾತಿನ ಕಛ್‌ನ ಬನ್ನಿ ಹುಲ್ಲುಗಾವಲಿನಲ್ಲಿ. ಉಪ್ಪುಮಣ್ಣಿನ ಹರಡುವಿಕೆ ತಡೆಯಲೆಂದು ಅಲ್ಲಿ 1961ರಲ್ಲಿ ಅರಣ್ಯ ಇಲಾಖೆಯೇ ಇದನ್ನು ಸುಮಾರು 31,500 ಹೆಕ್ಟೇರಿನಲ್ಲಿ ಹಾಕಿತ್ತು. ಏಟ್ರೀ, ಸಹಜೀವನ್ ಸಂಸ್ಥೆ, ಕಛ್ ವಿಶ್ವವಿದ್ಯಾಲಯ ಮತ್ತು ಮಾಲ್ಧಾರಿ ಪಶುಪಾಲಕರ ಸಂಘಟನೆ ಸೇರಿ ಕಟ್ಟಿದ ಸಂಶೋಧನಾ ವೇದಿಕೆಯಲ್ಲಿ ಪಶುಪಾಲಕರು ಪ್ರಶ್ನೆ ರೂಪಿಸುವವರಲ್ಲಿ ಸೇರಿದ್ದಾರೆ. ಕೆನ್ಯಾದ ಬಾರಿಂಗೊದಲ್ಲಿ ಇದೇ ಮರದ ಬಗೆಗಿನ ಅಸಮಾಧಾನ ನ್ಯಾಯಾಲಯಕ್ಕೇ ಹೋಯಿತು: ಮರವನ್ನು ತಂದುಹಾಕಿದವರ ವಿರುದ್ಧ 2006ರಲ್ಲಿ ದಾವೆ ಹೂಡಿದ ಪಶುಪಾಲಕರು, ಸಿಹಿಕಾಯಿ ತಿಂದು ಹಲ್ಲು ಕಳೆದುಕೊಂಡ ಮೇಕೆಯನ್ನು ಸಾಕ್ಷ್ಯವಾಗಿ ಒಯ್ದರು. ಸ್ವಿಟ್ಜರ್‌ಲೆಂಡ್ ಮತ್ತು ಪೂರ್ವ ಆಫ್ರಿಕದ ವಿಶ್ವವಿದ್ಯಾಲಯಗಳ ಕೂಡುಯೋಜನೆ ಮುಂದೆ ಅಲ್ಲಿ ಕೆಲಸ ಮಾಡಿತು.

ಜಾಲಿಗೆ ಕೀಟ ಬಿಡುವ ಪ್ರಶ್ನೆ ಭಾರತದಲ್ಲಿ ಇನ್ನಷ್ಟು ಸೂಕ್ಷ್ಮ. ದಕ್ಷಿಣ ಆಫ್ರಿಕ 1987ರಲ್ಲಿ ಬೀಜ ತಿನ್ನುವ ದುಂಬಿಯನ್ನು, ಆಸ್ಟ್ರೇಲಿಯ 1998ರಲ್ಲಿ ಎಲೆ ಹೆಣೆಯುವ ಪತಂಗವನ್ನು ಬಿಟ್ಟವು. ಆ ದೇಶಗಳಲ್ಲಿ ಈ ಗುಂಪಿನ ಸ್ವದೇಶಿ ಮರವಿಲ್ಲ. ಭಾರತದಲ್ಲಿ ಬನ್ನಿ ಮರವಿದೆ. ದಸರೆಯಲ್ಲಿ ಪೂಜೆಗೊಳ್ಳುವ, ಬಯಲುಸೀಮೆಯ ಹೊಲಗಳಲ್ಲಿ ನಿಂತಿರುವ ಈ ಮರ ಹೊಸ ವರ್ಗೀಕರಣದಲ್ಲೂ ಪ್ರೊಸೋಪಿಸ್ ಕುಲದಲ್ಲೇ ಉಳಿದಿದ್ದು, ಜಾಲಿಯ ಹತ್ತಿರದ ಸಂಬಂಧಿ. ಯಾವ ಕೀಟವನ್ನು ತಂದರೂ ಅದು ಬನ್ನಿಯನ್ನು ಮುಟ್ಟುವುದಿಲ್ಲವೆಂದು ಮೊದಲು ಸಾಬೀತಾಗಬೇಕು. ಎಲೆ, ಕಾಂಡ ತಿನ್ನುವ ಕೀಟಕ್ಕಿಂತ ಬೀಜ ತಿನ್ನುವ ಕೀಟ ಇಲ್ಲಿ ಹೆಚ್ಚು ಒಪ್ಪುವಂಥದು: ಸೌದೆಯ ಮರ ಉಳಿಯುತ್ತದೆ, ಹೊಸ ಗೋಮಾಳಕ್ಕೆ ಹರಡುವ ವೇಗ ತಗ್ಗುತ್ತದೆ.

ಕಾನೂನು ಮತ್ತು ಆಡಳಿತ

ವಿದೇಶಿ ಕೀಟ, ಗಿಡಗಳ ಪ್ರವೇಶವನ್ನು 1914ರ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ ಹಾಗೂ ಅದರಡಿಯ 2003ರ ಸಸ್ಯ ಕ್ವಾರಂಟೈನ್ ಆದೇಶ ನಿಯಂತ್ರಿಸುತ್ತವೆ. ಜೈವಿಕ ನಿಯಂತ್ರಣದ ಕೀಟ ತರಲೂ ಇದರಡಿ ಅನುಮತಿ ಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ ಆಕ್ರಮಣಕಾರಿ ಪ್ರಭೇದಗಳ ಆಮದು, ವ್ಯಾಪಾರ, ಪ್ರಸರಣಗಳನ್ನು ನಿರ್ಬಂಧಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತು. ಅದೇ ವರ್ಷದ ಕುನ್‌ಮಿಂಗ್–ಮಾಂಟ್ರಿಯಲ್ ಜೀವವೈವಿಧ್ಯ ಒಪ್ಪಂದದ ಆರನೆಯ ಗುರಿ, 2030ರೊಳಗೆ ಇಂಥ ಪ್ರಭೇದಗಳ ಪ್ರವೇಶ ಮತ್ತು ನೆಲೆಯೂರುವಿಕೆಯನ್ನು ಅರ್ಧಕ್ಕೆ ಇಳಿಸಬೇಕೆನ್ನುತ್ತದೆ. ಈ ಕಾನೂನುಗಳೆಲ್ಲ ಬಾಗಿಲು ಕಾಯುವ ಕಡೆಗೆ ಹೆಚ್ಚು ಗಮನ ಕೊಟ್ಟಿವೆ. ಒಳಗೆ ಬಂದು ಸುಮಾರು ನೂರೈವತ್ತು ವರ್ಷವಾದ ಮರದ ಬಗ್ಗೆ ಅವು ಹೇಳುವುದು ಕಡಿಮೆ.

ಚಳ್ಳಕೆರೆ–ಮೊಳಕಾಲ್ಮೂರಿನಲ್ಲಿ ಆಡಳಿತದ ಗಡಿಗಳೂ ತೊಡಕಾಗಿವೆ. ಚಿತ್ರದುರ್ಗ ಶಿವಮೊಗ್ಗ ವಿಶ್ವವಿದ್ಯಾಲಯಕ್ಕೆ, ಪಕ್ಕದ ಬಳ್ಳಾರಿ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ, ಆಚೆಯ ರಾಯದುರ್ಗ, ಕಲ್ಯಾಣದುರ್ಗಗಳು ಆಂಧ್ರದ ಎನ್.ಜಿ. ರಂಗಾ ವಿಶ್ವವಿದ್ಯಾಲಯಕ್ಕೆ ಸೇರುತ್ತವೆ. ಕುರಿಮಂದೆಗಳು ಈ ಮೂರೂ ವ್ಯಾಪ್ತಿಗಳಲ್ಲಿ ಓಡಾಡುತ್ತವೆ, ಜಾಲಿಯ ಬೀಜವೂ ಅವುಗಳೊಡನೆ. ವೇದಾವತಿಯ ನೆರೆ ಮೇಲಿನ ತಾಲ್ಲೂಕಿನ ಬೀಜವನ್ನು ಕೆಳಗಿನ ಜಿಲ್ಲೆಗೆ ಒಯ್ಯುತ್ತದೆ. ಕೆರೆಯಂಗಳ ಒಂದು ಇಲಾಖೆಯದು, ಗೋಮಾಳ ಇನ್ನೊಂದರದು, ಕಾವಲು ಮತ್ತೊಂದರದು. ಚಳ್ಳಕೆರೆಯ ಕಾವಲುಗಳ ದೊಡ್ಡ ಭಾಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾದ ಮೇಲೆ ಮೇಯಲು ಉಳಿದ ನೆಲದ ಮೇಲೆ ಒತ್ತಡ ಇನ್ನೂ ಹೆಚ್ಚಿದೆ. ಕುದಾಪುರದ 1,500 ಎಕರೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಪರಿಸರವಿಜ್ಞಾನದಲ್ಲಿ ದೇಶದ ಹಿರಿಯ ಕೇಂದ್ರಗಳಲ್ಲೊಂದು ಆ ಸಂಸ್ಥೆಯದೇ ಆದ್ದರಿಂದ, ಹುಲ್ಲುಗಾವಲಿನ ಅಧ್ಯಯನಕ್ಕೆ ಅದು ಒಳ್ಳೆಯ ನೆಲೆಯಾಗಬಲ್ಲದು.

ಜಾಲಿ ತೆರವಿಗೆ ತಾಂತ್ರಿಕವಾಗಿ ಬೇಕಾದ ಕ್ರಮ ಈಗಾಗಲೇ ಸ್ಪಷ್ಟವಾಗಿದೆ. ಬೊಡ್ಡೆ ಸಮೇತ ಕೀಳುವುದು ಮೊದಲ ಹೆಜ್ಜೆ. ಮುಂದಿನ ಮೂರು ನಾಲ್ಕು ಮಳೆಗಾಲ ಸಸಿ ಕೀಳುತ್ತ, ಕಾಯಿ ಮಾಗುವ ತಿಂಗಳುಗಳಲ್ಲಿ ಆ ಜಾಗಕ್ಕೆ ಮಂದೆ ಬಿಡದೆ, ಸ್ಥಳೀಯ ಹುಲ್ಲಿನ ಬೀಜ ಬಿತ್ತಿ ನೆಲ ಮುಚ್ಚಿಸಬೇಕು. ಕಾಯಿಯನ್ನು ಹಿಂಡಿಯಾಗಿ ಪುಡಿಮಾಡಿ ಕೊಟ್ಟರೆ ಬೀಜ ಸಾಯುತ್ತದೆ, ಮೇವು ಉಳಿಯುತ್ತದೆ. ಎಲ್ಲಿ ಕೀಳಬೇಕು, ಎಲ್ಲಿ ಸೌದೆಗೆ ಉಳಿಸಬೇಕು, ಯಾವ ತಿಂಗಳು ಯಾವ ಕಾವಲು ಮುಚ್ಚಬೇಕು ಎಂಬುದನ್ನು ಗೊತ್ತುಮಾಡಲು ಕಿಲಾರಿಗಳು, ಕುರಿಗಾಹಿಗಳು, ಇದ್ದಿಲು ಸುಡುವವರು, ಗ್ರಾಮ ಪಂಚಾಯಿತಿಗಳು ಸಂಶೋಧಕರ ಜೊತೆ ಕೂರಬೇಕು. ತೆರವಿನ ವೆಚ್ಚಕ್ಕೆ ಅನುದಾನ ಸಿಗುವಷ್ಟು ಸುಲಭವಾಗಿ ಆನಂತರದ ಮೂರು ನಾಲ್ಕು ವರ್ಷಗಳ ನಿಗಾಕ್ಕೆ ಸಿಗುವುದಿಲ್ಲ. ಬಳ್ಳಾರಿ ಜಾಲಿಯ ನಿರ್ವಹಣೆ ಸದ್ಯಕ್ಕೆ ನಿಂತಿರುವುದು ಅಲ್ಲಿಯೇ.